ಬಿಟ್ಟ ಮೀನಿನ ಲೆಕ್ಕ

ಫ್ರಾನ್ಸಿನಿಂದ ಪುಣೆಗೆ ಮರಳಿದ ಮೂರನೆಯ ದಿನ ಕಚೇರಿಯ ಊಟದ ವೇಳೆಯಲ್ಲಿ ಬಂಗಾಳಿ ಸಹೋದ್ಯೋಗಿಯೊಬ್ಬರಿಗೆ ಒಂದು ಚಿತ್ರ ತೋರಿಸಿದೆ. ಮಂಡಿಯೂರಿ ಕುಳಿತ ನಾನು, ನನ್ನ ಎರಡೂ ತೋಳುಗಳ ಮೇಲೆ ಒಂದು ಗೆಂಡೆ ಮೀನು. "ತೂಕ ಎಷ್ಟು?" ಎಂದರು. ಹದಿನೇಳು ಕಿಲೋ ಚಿಲ್ಲರೆ ಎಂದೆ. ಅವರು ಚಮಚ ಕೆಳಗಿಟ್ಟರು. "ತಲೆ ಯಾರ ಪಾಲಿಗೆ ಬಂತು?" ಎಂಬುದು ಅವರ ಮುಂದಿನ ಪ್ರಶ್ನೆ. ನೀರಿಗೆ ಬಿಟ್ಟೆವು ಎಂದಾಗ ಅವರ ಮುಖದಲ್ಲಿ ಮೂಡಿದ್ದು ಬೇಸರವಲ್ಲ, ಸಂಶಯ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆ ಎಂಬಂಥ ನೋಟ.

ಅದೇ ವಾರ ನಮ್ಮ ಬಳಗದ ತಿಂಗಳ ಸಭೆ ಇತ್ತು. ಧಾರವಾಡದ ಕಡೆಯ ಹಿರಿಯರೊಬ್ಬರು ಅದೇ ಚಿತ್ರವನ್ನು ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಬಿಡೋದಿತ್ತು ಅಂದ್ರ ಹಿಡಿಯೋದ್ಯಾಕ? ತುಟಿಗೆ ಚುಚ್ಚಿ, ಫೋಟೋ ತಗೊಂಡು, ಇನ್ನ ಹೋಗು ಅಂದ್ರ ಅದಕ್ಕೇನು ಉಪಕಾರ ಮಾಡಿದಂಗಾತು?" ಎಂದರು. ಜನ್ಮದಲ್ಲಿ ಮೀನು ಮುಟ್ಟದವರು ಅವರು. ಮೀನಿಲ್ಲದೆ ತುತ್ತೆತ್ತದವರು ಇವರು. ಇಬ್ಬರೂ ಈ ಒಂದು ವಿಷಯದಲ್ಲಿ ಒಂದೇ ಪಕ್ಷದವರಾದದ್ದು ನನಗೆ ಸೋಜಿಗವೆನಿಸಿತು. ಮೀನನ್ನು ಹಿಡಿಯುವುದಕ್ಕೆ ಒಂದು ಕಾರಣ ಬೇಕು, ಆ ಕಾರಣ ಹಸಿವಲ್ಲದೆ ಬೇರೆ ಆಗಲಾರದು ಎಂಬುದು ಇಬ್ಬರ ಮಾತಿನ ತಿರುಳು. ಸಭೆಯಲ್ಲಿ ನಾನು ನಕ್ಕು ಸುಮ್ಮನಾದೆ. ಆ ನಗೆಯಿಂದ ನನಗೇ ಸಮಾಧಾನವಾಗಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಎಂ.ಎ. ತರಗತಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಗೆಳೆಯ ಈಗ ಹದಿನೈದು ವರ್ಷಗಳಿಂದ ಲಿಯೋನ್ ನಗರದ ನಿವಾಸಿ. ಹೋದ ಊರಿನಲ್ಲಿ ಕೆಲವರು ಭಾಷೆ ಕಲಿಯುತ್ತಾರೆ, ಕೆಲವರು ಮನೆ ಕಟ್ಟುತ್ತಾರೆ. ಇವನಿಗೆ ಗೆಂಡೆ ಮೀನಿನ ಹುಚ್ಚು ಹಿಡಿಯಿತು. "ಒಂದು ಸಲ ಬಂದು ನೋಡು ಮಾರಾಯ, ಆಮೇಲೆ ಬೈಯುವೆಯಂತೆ" ಎಂದು ವರ್ಷಗಟ್ಟಲೆ ಕರೆದಿದ್ದ. ವಿದೇಶ ಪ್ರವಾಸಕ್ಕೆ ಇಲಾಖೆಯ ಅನುಮತಿ ಕೋರುವ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಎಂಬ ಕಲಮು ಇರುತ್ತದೆ. ಮೀನು ಹಿಡಿಯಲು ಎಂದು ಬರೆಯುವ ಧೈರ್ಯ ಬರಲಿಲ್ಲ. ಖಾಸಗಿ ಭೇಟಿ ಎಂದು ಬರೆದೆ. ಆ ಕಲಮನ್ನು ತುಂಬುವಾಗ ಆದ ಮುಜುಗರವೇ ಈ ಲೇಖನದ ಮೊದಲ ಸಾಲು ಎನ್ನಬಹುದು.

ಸೆಪ್ಟೆಂಬರ್ ಕೊನೆಯ ವಾರ. ಫ್ರಾನ್ಸಿನ ನಡುಭಾಗದ ಲಿಮೂಸ್ಯಾಂ ಪ್ರದೇಶ. ಓಕ್ ಮತ್ತು ಚೆಸ್ಟ್‌ನಟ್ ಮರಗಳ ನಡುವೆ ಮಣ್ಣಿನ ಏರಿ ಹಾಕಿ ನಿಲ್ಲಿಸಿದ ನೀರು. ಸರೋವರ ಎಂದು ಕರೆಯುತ್ತಿದ್ದರಾದರೂ ನನ್ನ ಕಣ್ಣಿಗೆ ಅದು ಅಪ್ಪಟ ಕೆರೆ. ಏರಿ ಇತ್ತು, ತೂಬು ಇತ್ತು, ಕೋಡಿ ಇತ್ತು. ಮಾಲೀಕ ಇಂಗ್ಲೆಂಡಿನವನು. ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕದಲ್ಲಿ ಬಾಡಿಗೆ. ನಾವು ನಾಲ್ವರು: ನನ್ನ ಗೆಳೆಯ, ಅವನ ಇಬ್ಬರು ಸ್ನೇಹಿತರು ಮತ್ತು ನಾನು. ಆ ಇಬ್ಬರಲ್ಲಿ ಒಬ್ಬ ಕೊಳಾಯಿ ಕೆಲಸ ಮಾಡುವ ಇಂಗ್ಲಿಷಿನವನು, ಇನ್ನೊಬ್ಬ ಫ್ರೆಂಚ್ ಶಾಲಾ ಮಾಸ್ತರ. ಮೀನು ಹಿಡಿಯುವುದೆಂದರೆ ಬಿದಿರು ಕೋಲು, ದಾರ, ಎರೆಹುಳು, ಬೆಂಡು ಎಂದು ತಿಳಿದಿದ್ದವನು ನಾನು. ಇಲ್ಲಿ ಒಬ್ಬೊಬ್ಬರ ಸಾಮಾನು ಇಳಿಸಲು ಅರ್ಧ ಗಂಟೆ ಬೇಕಾಯಿತು. ಡೇರೆ, ಮಡಚುವ ಮಂಚ, ಮೂರು ಮೂರು ಕೋಲುಗಳು, ಅವನ್ನು ಇಡಲು ಸ್ಟ್ಯಾಂಡು, ದಾರ ಎಳೆದೊಡನೆ ಕೂಗುವ ಅಲಾರಾಂ, ಎರೆಯನ್ನು ಕೆರೆಯ ನಡುವಿಗೆ ಒಯ್ದು ಸುರಿದು ಬರುವ ರಿಮೋಟ್ ದೋಣಿ. ಇಷ್ಟೆಲ್ಲ ಒಂದು ಮೀನಿನ ವಿರುದ್ಧ. ಆ ಮೀನಿಗೆ ಬಾಯಲ್ಲಿ ಹಲ್ಲುಗಳೂ ಇಲ್ಲ. ಇರುವ ಹಲ್ಲುಗಳು ಗಂಟಲಲ್ಲಿ.

ನಮ್ಮ ಕೆರೆಗಳಲ್ಲೂ ಇದೇ ಗೆಂಡೆ ಇದೆ. ಮೀನುಗಾರಿಕೆ ಇಲಾಖೆಯವರು ಸಾಮಾನ್ಯ ಗೆಂಡೆ ಎಂದು ಕರೆಯುವುದು ಇದನ್ನೇ. ನಮ್ಮ ದೇಶದ್ದಲ್ಲ. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ಬಂತು, 1957ರಲ್ಲಿ ಇನ್ನೊಂದು ತಳಿ ಬ್ಯಾಂಕಾಕಿನಿಂದ ಕಟಕ್‌ಗೆ ಬಂತು. ಅಲ್ಲಿಂದ ಊರೂರ ಕೆರೆಗೆ. ರೋಹು, ಕಾಟ್ಲಾ, ಮೃಗಾಲ್ ಎಲ್ಲವೂ ಇದರ ದಾಯಾದಿಗಳೇ. ಕಾವೇರಿಯ ಮಹಶೀರ್ ಸಹ ಇದೇ ವಂಶದ್ದು. ಆ ಮೀನಿನ ಬಳಿಗೆ ನಾನು ಮತ್ತೆ ಬರಲೇಬೇಕಾಗಿದೆ.

ಯುರೋಪಿನಲ್ಲೂ ಗೆಂಡೆ ಮೊದಲಿಗೆ ತಿನ್ನುವ ಮೀನೇ ಆಗಿತ್ತು. ಮಾಂಸ ವರ್ಜ್ಯವಾದ ಉಪವಾಸದ ದಿನಗಳಲ್ಲಿ ಕ್ರೈಸ್ತ ಮಠಗಳಿಗೆ ಮೀನು ಬೇಕು, ಸಮುದ್ರ ದೂರ, ಆದ್ದರಿಂದ ಮಠದ ಹಿತ್ತಲಲ್ಲಿ ಕೊಳ, ಕೊಳದಲ್ಲಿ ಗೆಂಡೆ. ಲಿಯೋನಿನ ಉತ್ತರಕ್ಕೆ ದೋಂಬ್ ಎಂಬ ಸೀಮೆ ಇದೆ. ನನ್ನ ಗೆಳೆಯ ಒಂದು ಮಧ್ಯಾಹ್ನ ಅಲ್ಲಿ ಕಾರು ನಿಲ್ಲಿಸಿ ತೋರಿಸಿದ. ಕಣ್ಣು ಹಾಯಿಸಿದತ್ತ ಕೆರೆ. ಸಾವಿರಕ್ಕೂ ಮೀರಿದ ಕೆರೆಗಳು, ಮಧ್ಯಯುಗದಿಂದ ಮನುಷ್ಯರೇ ತೋಡಿದವು. ಅಲ್ಲಿಯ ಕ್ರಮ ನನಗೆ ಬಹಳ ಹಿಡಿಸಿತು. ಕೆಲವು ವರ್ಷ ಕೆರೆಯಲ್ಲಿ ನೀರು ನಿಲ್ಲಿಸಿ ಮೀನು ಬೆಳೆಸುತ್ತಾರೆ. ಆಮೇಲೆ ತೂಬು ತೆಗೆದು, ಮೀನು ಬಾಚಿಕೊಂಡು, ಒಂದು ವರ್ಷ ಅದೇ ಕೆರೆಯಂಗಳದಲ್ಲಿ ಧಾನ್ಯ ಬೆಳೆಯುತ್ತಾರೆ. ಮೀನಿನ ಗೊಬ್ಬರ ಪೈರಿಗೆ, ಪೈರಿನ ಕೂಳೆ ಮುಂದಿನ ಮೀನಿಗೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದಲ್ಲಿ ಸೌತೆ, ಕಲ್ಲಂಗಡಿ ಹಾಕುವವರನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂಗ್ಲೆಂಡಿನಲ್ಲೂ ಹೀಗೆಯೇ ಇತ್ತು. 1653ರಲ್ಲಿ ಮೊದಲು ಅಚ್ಚಾದ ಐಜಾಕ್ ವಾಲ್ಟನ್‌ನ ಗಾಳದ ಪುಸ್ತಕವನ್ನು ನಮಗೆ ಗದ್ಯಶೈಲಿಯ ಮಾದರಿಯೆಂದು ಪಾಠ ಹೇಳಿದ್ದರು. ಗೆಂಡೆಯನ್ನು ಹಿಡಿಯುವ ಬಗೆಯ ಜೊತೆಗೆ ಅದನ್ನು ಸೊಪ್ಪು, ಮಸಾಲೆ, ದ್ರಾಕ್ಷಾರಸದೊಡನೆ ಬೇಯಿಸುವ ಬಗೆಯನ್ನೂ ವಾಲ್ಟನ್ ಸವಿಸ್ತಾರವಾಗಿ ಹೇಳಿದ್ದಾನೆ. ನಮ್ಮ ಮೇಷ್ಟ್ರು ಆ ಭಾಗವನ್ನು ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟಿದ್ದರು. ಈಗ ಯೋಚಿಸಿದರೆ ಮುಖ್ಯವಾದದ್ದು ಅದೇ. ಅವನಿಗೆ ಹಿಡಿಯುವುದೂ ತಿನ್ನುವುದೂ ಒಂದೇ ವಾಕ್ಯದ ಎರಡು ಭಾಗ.

ಆ ವಾಕ್ಯ ಯಾವಾಗ ತುಂಡಾಯಿತು? ಬೇರೆಯವರು ಬೇರೆ ಇಸವಿ ಹೇಳಬಹುದು. ನನ್ನ ಮಟ್ಟಿಗೆ ಅದು 1952ರ ಸೆಪ್ಟೆಂಬರ್. ರಿಚರ್ಡ್ ವಾಕರ್ ಎಂಬಾತ ರೆಡ್‌ಮೈರ್ ಎಂಬ ಸಣ್ಣ ಕೊಳದಲ್ಲಿ 44 ಪೌಂಡ್, ಅಂದರೆ ಸುಮಾರು 20 ಕಿಲೋ ತೂಕದ ಗೆಂಡೆಯನ್ನು ಹಿಡಿದ. ಅಂದಿನ ಬ್ರಿಟಿಷ್ ದಾಖಲೆ ಅದು. ಅವನು ಅದನ್ನು ತಿನ್ನಲಿಲ್ಲ, ಹುಲ್ಲು ತುಂಬಿಸಿ ಗೋಡೆಗೆ ತೂಗುಹಾಕಲೂ ಇಲ್ಲ. ಲಂಡನ್ ಮೃಗಾಲಯಕ್ಕೆ ಕೊಟ್ಟ. ಕ್ಲಾರಿಸಾ ಎಂಬ ಹೆಸರಿನಲ್ಲಿ ಆ ಮೀನು 1971ರವರೆಗೆ ಅಲ್ಲಿಯ ಗಾಜಿನ ತೊಟ್ಟಿಯಲ್ಲಿ ಬದುಕಿತು. ಮೀನಿಗೆ ಹೆಸರು ಬಂದ ಮೇಲೆ ಬಾಣಲೆಯ ಕಡೆಗಿನ ದಾರಿ ಮುಚ್ಚಿತು. ಮುಂದೆ ಒಂದು ಇಡೀ ಪೀಳಿಗೆ ಗೆಂಡೆಯನ್ನು ಹೆಸರಿನಿಂದ ಗುರುತಿಸಿ, ತೂಗಿ, ಚಿತ್ರ ತೆಗೆದು, ನೀರಿಗೆ ಬಿಡುವುದನ್ನು ಬಹುಮಟ್ಟಿಗೆ ಧರ್ಮವೆಂಬಂತೆ ಆಚರಿಸತೊಡಗಿತು. ಬೆನ್ಸನ್ ಎಂದು ಒಂದು ಮೀನಿತ್ತು. ಬೆನ್ನ ರೆಕ್ಕೆಯಲ್ಲಿ ಸಿಗರೇಟಿನಿಂದ ಸುಟ್ಟಂತಹ ತೂತಿದ್ದುದರಿಂದ ಸಿಗರೇಟಿನ ಹೆಸರು. ಹದಿಮೂರು ವರ್ಷಗಳಲ್ಲಿ ಅರವತ್ತಕ್ಕೂ ಹೆಚ್ಚು ಬಾರಿ ಹಿಡಿಯಲ್ಪಟ್ಟ ಹೆಣ್ಣು ಮೀನು. 2009ರಲ್ಲಿ ಅದು ಸತ್ತಾಗ ಇಂಗ್ಲೆಂಡಿನ ಪತ್ರಿಕೆಗಳು ಗಣ್ಯರ ನಿಧನದಂತೆ ಸುದ್ದಿ ಮಾಡಿದವು.

ಇಂಗ್ಲೆಂಡಿನ ಕೊಳಗಳು ಸಾಲದೆ ಈ ಜನ 1980ರ ದಶಕದಲ್ಲಿ ಕಾಲುವೆ ದಾಟಿ ಫ್ರಾನ್ಸಿಗೆ ಬಂದರು. ದಕ್ಷಿಣದ ಸೇಂಟ್ ಕಾಸಿಯನ್ ಜಲಾಶಯದ ಗೆಂಡೆಗಳು ಅವರು ಕನಸಿನಲ್ಲೂ ಕಾಣದ ಗಾತ್ರದವು. ಬರಬರುತ್ತ ದೊಡ್ಡ ಗೆಂಡೆಗೆ ಬೆಲೆ ಬಂತು. ಸಾರ್ವಜನಿಕ ನೀರಿನಿಂದ ಕದ್ದು ಖಾಸಗಿ ಕೆರೆಗಳಿಗೆ ಮಾರುವವರೂ ಹುಟ್ಟಿಕೊಂಡರು. ಹವ್ಯಾಸಿ ಗಾಳಗಾರ 60 ಸೆಂಟಿಮೀಟರಿಗಿಂತ ಉದ್ದದ ಗೆಂಡೆಯನ್ನು ಜೀವಂತವಾಗಿ ಸಾಗಿಸಿದರೆ 22,500 ಯೂರೋವರೆಗೆ ದಂಡ ಎಂದು ಫ್ರಾನ್ಸ್ ಕಾನೂನು ಮಾಡಬೇಕಾಯಿತು. ಅದನ್ನು ಓದಿದಾಗ ನನಗೆ ಒಂದು ವಿಷಯ ಹೊಳೆಯಿತು. ಸತ್ತ ಗೆಂಡೆಗೆ ಸಂತೆಯಲ್ಲಿ ಸಿಕ್ಕುವುದು ಕಿಲೋ ಲೆಕ್ಕದ ಬೆಲೆ. ಬದುಕಿರುವ, ಹೆಸರುಳ್ಳ, ಮತ್ತೆ ಮತ್ತೆ ಹಿಡಿಯಬಹುದಾದ ಗೆಂಡೆ ಮಾತ್ರ ಆಸ್ತಿ. ಬಿಡುವುದು ಎಂಬ ಕ್ರಿಯಾಪದವನ್ನು ನಾವು ತ್ಯಾಗಕ್ಕೆ ಬಳಸುತ್ತೇವೆ. ಇಲ್ಲಿ ಬಿಡುವುದು ಬಂಡವಾಳವನ್ನು ಬ್ಯಾಂಕಿಗೆ ಮರಳಿಸುವ ಹಾಗೆ.

ಅವರ ಗಾಳದ ತಂತ್ರವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಅದು ಜಾಣತನದ್ದು. ಗೆಂಡೆ ತಿನ್ನುವುದು ಕಚ್ಚಿ ಅಲ್ಲ, ಹೀರಿ. ಕೆಸರಿನೊಡನೆ ಏನನ್ನೋ ಒಳಗೆಳೆದುಕೊಳ್ಳುತ್ತದೆ, ಬಾಯಲ್ಲಿ ಪರೀಕ್ಷಿಸುತ್ತದೆ, ಸಂಶಯ ಬಂದರೆ ಉಗುಳಿಬಿಡುತ್ತದೆ. ಎರೆಯೊಳಗೆ ಅಡಗಿಸಿದ ಕೊಕ್ಕೆಯನ್ನು ಅದು ಹೀಗೆ ಎಷ್ಟೋ ಸಲ ಉಗುಳುತ್ತಿತ್ತು. 1970ರ ದಶಕದ ಕೊನೆಯ ವೇಳೆಗೆ ಲೆನ್ನಿ ಮಿಡಲ್ಟನ್ ಮತ್ತು ಕೆವಿನ್ ಮ್ಯಾಡಕ್ಸ್ ಎಂಬಿಬ್ಬರು ಎರೆಯನ್ನು ಕೊಕ್ಕೆಯಿಂದ ಹೊರಗೆ ತಂದರು. ಒಂದು ಎಳೆ ಕೂದಲಿನಿಂದ ಕೊಕ್ಕೆಗೆ ತೂಗುಬಿಟ್ಟರು. ಎರೆ ಸಹಜವಾಗಿ ಒಳಹೋಗುತ್ತದೆ, ಬರಿಯ ಕೊಕ್ಕೆ ಅದರ ಹಿಂದೆಯೇ ಹೋಗುತ್ತದೆ. ಉಗುಳುವಾಗ ಕೆಳತುಟಿಗೆ ಸಿಕ್ಕಿಕೊಳ್ಳುತ್ತದೆ. ಮೀನು ಬೆಚ್ಚಿ ಓಡಿದಾಗ ದಾರಕ್ಕೆ ಕಟ್ಟಿದ ಸೀಸದ ಭಾರವೇ ಕೊಕ್ಕೆಯನ್ನು ನಾಟಿಸುತ್ತದೆ. ಮೀನಿನ ಎಚ್ಚರಿಕೆಯೇ ಮೀನಿಗೆ ಉರುಳಾದ ಬಗೆ ಇದು. ಎರೆ ಎಂದರೆ ಹಿಟ್ಟು, ಮೀನಿನ ಪುಡಿ, ಮೊಟ್ಟೆ ಕಲಸಿ ಗೋಲಿಯಂತೆ ಉರುಟಿ ಕುದಿಸಿದ ಉಂಡೆ. ಅದನ್ನು ಅವರು ಬಾಯ್ಲಿ ಎನ್ನುತ್ತಾರೆ. ಕಾವೇರಿಯಲ್ಲಿ ಮಹಶೀರಿಗೆ ಗಾಳ ಹಾಕುವವರು ರಾಗಿ ಮುದ್ದೆ ಕಟ್ಟುತ್ತಿದ್ದುದನ್ನು ಹೇಳಿದೆ. ಇಂಗ್ಲಿಷಿನವನಿಗೆ ಅದು ಮೊದಲೇ ಗೊತ್ತಿತ್ತು. ರಾಗಿ ಎಂಬ ಪದವನ್ನು ಅವನು ಸ್ಪಷ್ಟವಾಗಿಯೇ ಉಚ್ಚರಿಸಿದ.

ಮೂರು ದಿನ ನನ್ನ ಕೋಲು ಕದಲಲಿಲ್ಲ. ಮಂಜು, ಕಾಫಿ, ಚೆಸ್ಟ್‌ನಟ್ ಕಾಯಿಗಳು ಡೇರೆಯ ಮೇಲೆ ಬೀಳುವ ಸದ್ದು, ಹಳೆಯ ಮೇಷ್ಟ್ರುಗಳ ಅನುಕರಣೆ, ಇಪ್ಪತ್ತು ವರ್ಷಗಳ ಹಿಂದಿನ ಜಗಳಗಳ ಮರುವಿಚಾರಣೆ. ಇದಕ್ಕಾಗಿಯೇ ಬಂದದ್ದೆಂದು ಹೇಳಿ ಈ ಲೇಖನವನ್ನು ಮುಗಿಸಿಬಿಡಬಹುದಿತ್ತು. ಬಹಳ ಮಂದಿ ಗಾಳಗಾರರು ಹಾಗೆಯೇ ಹೇಳುತ್ತಾರೆ. ಅದು ಅರ್ಧ ಸುಳ್ಳು. ಹರಟೆಗೆ ಕೊಕ್ಕೆ ಬೇಕಾಗಿಲ್ಲ.

ನಾಲ್ಕನೆಯ ರಾತ್ರಿ ಎರಡೂವರೆಗೆ ಅಲಾರಾಂ ಕೂಗಿತು. ಬರಿಗಾಲಲ್ಲಿ ಓಡಿದೆ. ಕೋಲು ಎತ್ತಿದಾಗ ಕತ್ತಲ ಆ ತುದಿಯಲ್ಲಿ ಯಾರೋ ಇದ್ದರು. ಏನೋ ಇತ್ತು ಎಂದು ಬರೆಯಬೇಕು, ಆದರೆ ಆ ಕ್ಷಣದಲ್ಲಿ ನನಗೆ ಅನಿಸಿದ್ದು ಯಾರೋ ಎಂದೇ. ಅದು ಎಳೆಯುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಎಳೆಯುತ್ತಿತ್ತು. ಇಪ್ಪತ್ತು ನಿಮಿಷ ನನಗೆ ಹೆಂಡತಿ, ಮಕ್ಕಳು, ಬಡ್ತಿ, ಸಕ್ಕರೆ ಕಾಯಿಲೆ ಯಾವುದೂ ನೆನಪಿರಲಿಲ್ಲ. ಅಷ್ಟು ಸಂತೋಷ ನನಗೆ ಬಹಳ ವರ್ಷಗಳಿಂದ ಆಗಿರಲಿಲ್ಲ. ಇದನ್ನು ಮುಚ್ಚಿಟ್ಟು ಮುಂದಿನ ವಾದವನ್ನು ಕಟ್ಟುವುದು ಅಪ್ರಾಮಾಣಿಕವಾದೀತು. ಆ ತುದಿಯಲ್ಲಿದ್ದುದಕ್ಕೆ ಆ ಇಪ್ಪತ್ತು ನಿಮಿಷ ಏನಾಗಿತ್ತೋ ಎಂಬ ಯೋಚನೆ ಬಂದದ್ದು ಆಮೇಲೆ, ಬಲೆಯೊಳಗೆ ಅದು ಬಾಯಿ ತೆರೆದು ಮುಚ್ಚುವಾಗ.

ಇಂಗ್ಲಿಷ್ ಗೆಳೆಯ ಎದ್ದು ಬಂದ. ಕೊಳಾಯಿ ತಿರುಗಿಸಿ ದಪ್ಪವಾದ ಅವನ ಬೆರಳುಗಳು ಆ ಮೀನನ್ನು ಮುಟ್ಟಿದ ರೀತಿಯನ್ನು ನಾನು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಮಾತ್ರ ಕಂಡಿದ್ದೇನೆ. ಮೊದಲು ಮೆತ್ತನೆಯ ತೊಟ್ಟಿಲಿನಂಥ ಹಾಸಿನ ಮೇಲೆ ನೀರು ಸುರಿದ. ಮೀನಿನ ಮೈಲೋಳೆ ಹೋಗಬಾರದೆಂದು ಕೈ ಒದ್ದೆ ಮಾಡಿಕೊಂಡ. ಕೊಕ್ಕೆ ಬಿಡಿಸಿ ಗಾಯಕ್ಕೆ ಔಷಧಿ ಹಚ್ಚಿದ. ಒದ್ದೆ ಜೋಳಿಗೆಯಲ್ಲಿ ತೂಗಿದ. 17.2 ಕಿಲೋ. ಕನ್ನಡಿ ಗೆಂಡೆ ಎನ್ನಬಹುದಾದ ತಳಿ: ಮೈಯೆಲ್ಲ ನುಣುಪು, ಅಲ್ಲೊಂದು ಇಲ್ಲೊಂದು ಬೆರಳಗಲದ ಹುರುಪೆ. ಬಲಗಡೆಯ ತುಟಿ ಹಳೆಯ ಗಾಯದಿಂದ ಮುರುಟಿಕೊಂಡಿತ್ತು. "ಇವಳು ನನಗೆ ಗೊತ್ತು" ಎಂದ ಅವನು. ಚಿತ್ರ ತೆಗೆದದ್ದು ಆಗ. ಆಮೇಲೆ ಸೊಂಟದವರೆಗಿನ ನೀರಿಗಿಳಿದು ಅವಳನ್ನು ನೆಟ್ಟಗೆ ಹಿಡಿದು ನಿಂತೆವು. ಬಾಲವೊಮ್ಮೆ ನನ್ನ ಮೊಣಕೈಗೆ ಬಡಿದು ಹೋಯಿತು.

ಬೆಳಿಗ್ಗೆ ಕಾವಲುಗಾರನ ಗುಡಿಸಲಿನಲ್ಲಿ ದಫ್ತರವಿತ್ತು. ಇಷ್ಟು ಅಚ್ಚುಕಟ್ಟಾದ ದಫ್ತರವನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ದೊಡ್ಡ ಮೀನುಗಳಿಗೆ ಒಂದೊಂದು ಪುಟ, ಎರಡೂ ಮಗ್ಗುಲಿನ ಚಿತ್ರ. ದಿನಾಂಕ, ದಂಡೆಯ ಸಂಖ್ಯೆ, ತೂಕ, ಎರೆ ಮತ್ತು ಕೊನೆಯಲ್ಲಿ ಒಂದು ಕಲಮು. ನಮ್ಮ ಕಡತಗಳಲ್ಲಿ ಅದನ್ನು ಷರಾ ಎನ್ನುತ್ತೇವೆ. ನನ್ನ ಮೀನಿನ ಪುಟ ತೆರೆದರು. ಮೂವತ್ತು ನಮೂದುಗಳಿದ್ದವು. ನನ್ನದು ಮೂವತ್ತೊಂದನೆಯದು. ಹಿಂದಿನದು ಐದೇ ವಾರಗಳ ಕೆಳಗಿನದು, ನಾನು ಹಿಡಿದ ಅದೇ ಮೂಲೆಯಲ್ಲಿ. ರಾತ್ರಿ ಕತ್ತಲಲ್ಲಿ ನನ್ನೊಡನೆ ಯಾರೋ ಇದ್ದಾರೆ ಎನ್ನಿಸಿತ್ತಲ್ಲ, ಆ ಯಾರೋ ಮೂವತ್ತು ಸಲ ಹೀಗೆ ಕರೆಸಿಕೊಂಡವಳು. ಮುಂದಿನ ಶನಿವಾರ ಬರುವವರಿಗೂ ಸಿದ್ಧವಿರಬೇಕಾದವಳು.

ನನ್ನ ಅಭಿಪ್ರಾಯ ಅಲ್ಲಿ ಗಟ್ಟಿಯಾಯಿತು. ಆ ದಿನ ಮಧ್ಯಾಹ್ನ ಗೆಳೆಯನೊಡನೆ ಜೋರಾಗಿಯೇ ವಾದ ಮಾಡಿದೆ. ಮೀನಿಗೆ ನೋವಿಲ್ಲ ಎಂಬುದು ಹಳೆಯ ಸಮಾಧಾನ. 2003ರಲ್ಲಿ ಲಿನ್ ಸ್ನೆಡನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಭಾಗದಲ್ಲಿ ನೋವಿನ ಗ್ರಾಹಕಗಳನ್ನು ಗುರುತಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ತುಟಿಯನ್ನು ತೊಟ್ಟಿಯ ಕಲ್ಲುಗಳಿಗೆ ಉಜ್ಜಿದವು. ಇದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಆದರೆ ಅದಕ್ಕೂ ಮೊದಲು, 1970ರ ಸುಮಾರಿನಲ್ಲಿ ಹಾಲೆಂಡಿನಲ್ಲಿ ಬ್ಯೂಕೆಮಾ ಎಂಬಾತ ಗೆಂಡೆಗಳ ಮೇಲೆಯೇ ನಡೆಸಿದ ಪ್ರಯೋಗಗಳಲ್ಲಿ, ಒಮ್ಮೆ ಗಾಳಕ್ಕೆ ಬಿದ್ದ ಮೀನು ಬಹುಕಾಲ ಗಾಳದಿಂದ ದೂರ ಉಳಿಯುವುದು ಕಂಡುಬಂತು. ನೋವೋ ಭಯವೋ, ಹೆಸರು ಏನಾದರೂ ಇರಲಿ, ಬೇಡ ಎಂದು ಅದು ಹೇಳಿದೆಯಲ್ಲ! ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾನೂನು ತಕ್ಕ ಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡಬಾರದೆನ್ನುತ್ತದೆ. ಬಿಡುವ ಉದ್ದೇಶದಿಂದಲೇ ಹಿಡಿಯುವುದು ತಕ್ಕ ಕಾರಣವಲ್ಲ ಎಂದು ಅಲ್ಲಿ ಅರ್ಥ ಮಾಡುತ್ತಾರೆ. ಸ್ವಿಟ್ಜರ್ಲೆಂಡಿನಲ್ಲೂ 2009ರಿಂದ ಹಾಗೆ ಗಾಳ ಹಾಕುವುದಕ್ಕೆ ನಿಷೇಧವಿದೆ. ರೈನ್ ನದಿಯ ಈ ದಡದಲ್ಲಿ ಕೊಲ್ಲದಿರುವುದು ಸಭ್ಯತೆ, ಆ ದಡದಲ್ಲಿ ಕೊಲ್ಲಲು ಮನಸ್ಸಿಲ್ಲದೆ ಹಿಡಿಯುವುದು ಅಪರಾಧ. ನಾನು ಆ ದಡದವನು ಎಂದೆ. ಧಾರವಾಡದ ಹಿರಿಯರೂ ಬಂಗಾಳಿ ಸಹೋದ್ಯೋಗಿಯೂ ಆಮೇಲೆ ಕೇಳಿದ ಪ್ರಶ್ನೆಗಳನ್ನು ಅಂದು ನಾನೇ ಕೇಳಿದ್ದೆ.

ಫ್ರೆಂಚ್ ಮಾಸ್ತರ ತನ್ನ ತಾತ ಗೆಂಡೆಯನ್ನು ಬಿಳಿ ದ್ರಾಕ್ಷಾರಸದಲ್ಲಿ ಬೇಯಿಸಿ ತಿನ್ನುತ್ತಿದ್ದನೆಂದೂ ಅದರ ರುಚಿ ಕೆಸರಿನಂತಿತ್ತೆಂದೂ ಹೇಳಿದ. ವಾದಕ್ಕೆ ಅದು ಸಂಬಂಧಿಸಿದ್ದಲ್ಲ. ನನ್ನ ಗೆಳೆಯ ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದ: "ಕಾವೇರಿಯಲ್ಲಿ ನಿಷೇಧ ಮಾಡಿದಿರಲ್ಲ, ಏನಾಯ್ತು?"

ಏನಾಯಿತೆಂದು ಬಲ್ಲೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ದೇಶವಿದೇಶದವರು ಮಹಶೀರನ್ನು ಗಾಳದಿಂದ ಹಿಡಿದು, ತೂಗಿ, ಬಿಡುತ್ತಿದ್ದರು. ಹಿಂದೆ ಸಿಡಿಮದ್ದಿನಿಂದ ಮೀನು ಕೊಲ್ಲುತ್ತಿದ್ದ ಕೆಲವರು ಅಲ್ಲಿ ಸಂಬಳದ ಮಾರ್ಗದರ್ಶಿಗಳಾಗಿ, ಕಾವಲಿನವರಾಗಿ ಇದ್ದರು. ಆ ಭಾಗ ಕಾವೇರಿ ವನ್ಯಧಾಮದ ಒಳಗಿದೆ. ವನ್ಯಜೀವಿ ಕಾಯ್ದೆಯ ಪ್ರಕಾರ ವನ್ಯಧಾಮದಲ್ಲಿ ಹಿಡಿಯುವುದೂ ಎರೆ ತೋರಿಸುವುದೂ ಬೇಟೆಯೇ. ಅಕ್ಷರಕ್ಕೆ ಅಕ್ಷರ ಸರಿಯಾದ ವ್ಯಾಖ್ಯಾನ. 2012ರ ಹೊತ್ತಿಗೆ ಗಾಳದಾಟ ನಿಂತಿತು. ಆಟಗಾರರು ಹೋದರು, ಅವರ ಹಣ ಹೋಯಿತು, ಆ ಹಣದಿಂದ ನದಿಯ ದಂಡೆಯಲ್ಲಿ ರಾತ್ರಿ ಎಚ್ಚರವಿರುತ್ತಿದ್ದ ಕಣ್ಣುಗಳೂ ಹೋದವು. ಸಿಡಿಮದ್ದು ಮತ್ತೆ ಬಂತೆಂದು ಆ ನದಿಯನ್ನು ಬಲ್ಲವರು ಬರೆದಿದ್ದಾರೆ.

ಗಾಳಗಾರರ ಪರ ವಕಾಲತ್ತು ಇಲ್ಲಿಗೆ ನಿಲ್ಲುತ್ತದೆ. ನನಗೆ ಮುಖ್ಯವಾದದ್ದು ಇದರ ಮುಂದಿನ ಭಾಗ. ಗಾಳಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಪ್ರತಿಯೊಂದು ಮೀನನ್ನೂ ದಾಖಲಿಸಿದ ದಫ್ತರಗಳಿದ್ದವು, 6,000ಕ್ಕೂ ಹೆಚ್ಚು ಮಹಶೀರುಗಳ ಲೆಕ್ಕ. ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಅದನ್ನು ಬಿಡಿಸಿ ನೋಡಿದಾಗ ಕಂಡದ್ದು ಎರಡು ಸಂಗತಿ. ಮೀನಿನ ಸಂಖ್ಯೆ ಹೆಚ್ಚಿತ್ತು; ಅಂದರೆ ಕಾವಲು ಫಲಿಸಿತ್ತು. ಆದರೆ ಹೆಚ್ಚಿದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಗೇ ಸೇರಿದ, ಬೆನ್ನು ಗೂನಾದ, ಕಿತ್ತಳೆ ರೆಕ್ಕೆಯ ಮಹಶೀರ್ ಅದೇ ಹದಿನೈದು ವರ್ಷಗಳಲ್ಲಿ ಕುಸಿದಿತ್ತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್ ತೂಕದಲ್ಲಿ ಹಿಡಿದನಲ್ಲ, ಆ ಮೀನು. ನೀಲಿ ರೆಕ್ಕೆಯದು ಎಲ್ಲಿಂದ ಬಂತು? ನಾನು ಇದನ್ನು ಬರೆಯುತ್ತಿರುವ ಊರಿನಿಂದ ಒಂದೂವರೆ ಗಂಟೆ ದಾರಿ. ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೀನುಮರಿ ಕೇಂದ್ರದಲ್ಲಿ 1970ರ ದಶಕದಿಂದ ಈ ಮಹಶೀರನ್ನು ಕೃತಕವಾಗಿ ಸಾಕಿ, ಅಳಿಯುತ್ತಿರುವ ಮೀನನ್ನು ಉಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ನಾಡಿನ ಅನೇಕ ನದಿಗಳಿಗೆ ಹಂಚಿದರು. ಕಾವೇರಿಗೂ ಬಿಟ್ಟರು. ಮಹಶೀರ್ ಎಂದರೆ ಮಹಶೀರ್ ಎಂದುಕೊಂಡರು. ಗೂನುಬೆನ್ನಿನದು ಬೇರೆಯೇ ಪ್ರಭೇದವೆಂದು ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು.

ಇದರಲ್ಲಿ ಯಾರನ್ನು ಬೈಯುವುದು? ಹಿಡಿದು ಬಿಟ್ಟವರು ತಾವು ಮೀನನ್ನು ಉಳಿಸುತ್ತಿದ್ದೇವೆಂದು ನಂಬಿದ್ದರು, ಅವರ ಕಣ್ಣೆದುರಿಗೇ ಕಾವೇರಿಯ ಮೀನು ಕರಗಿತು. ನಿಷೇಧಿಸಿದವರು ಮೀನನ್ನು ಉಳಿಸಿದೆವೆಂದು ನಂಬಿದರು. ನಿಷೇಧದ ನಂತರ ಆ ದಂಡೆಯಲ್ಲಿ ಬರೆಯುವವನೇ ಇಲ್ಲದಂತಾಯಿತು. ಕಾವೇರಿಯ ಮೀನು ಹೋಗುತ್ತಿದೆ ಎಂಬುದು ನಮಗೆ ಗೊತ್ತಾದದ್ದು ಯಾರ ದಯೆಯಿಂದಲೂ ಅಲ್ಲ. ತನ್ನ ಮೀನು ಗೆಳೆಯನ ಮೀನಿಗಿಂತ ದೊಡ್ಡದೆಂದು ಸಾಧಿಸುವ ಚಪಲದಿಂದ ಪ್ರತಿಯೊಂದನ್ನೂ ತೂಗಿ ಬರೆದವರ ದಫ್ತರದಿಂದ.

ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನಾಗಿ ಒಂದು ಮಾತು ಹೇಳಬಲ್ಲೆ. ನಿಷೇಧದ ಆದೇಶದಷ್ಟು ಸುಲಭದ ಕಡತ ಇನ್ನೊಂದಿಲ್ಲ. ಒಂದು ಪುಟ, ಒಂದು ಸಹಿ. ಆಯವ್ಯಯದ ಕಲಮಿನಲ್ಲಿ ಶೂನ್ಯ. ಕಾವಲು ಎಂದು ಬರೆದರೆ ಹುದ್ದೆ ಬೇಕು, ಸಂಬಳ ಬೇಕು, ಮಳೆಯಂಗಿ ಬೇಕು, ಪ್ರತಿವರ್ಷ ಮರುಮಂಜೂರಾತಿ ಬೇಕು. ಆದ್ದರಿಂದ ನಾವು ನಿಷೇಧಿಸುತ್ತೇವೆ, ಮತ್ತು ನಿಷೇಧಿಸಿದ್ದನ್ನೇ ರಕ್ಷಿಸಿದ್ದೆಂದು ವಾರ್ಷಿಕ ವರದಿಯಲ್ಲಿ ಬರೆಯುತ್ತೇವೆ. ಜರ್ಮನಿಗೆ ಅದು ಒಪ್ಪಿತವಾಗಬಹುದು. ಅಲ್ಲಿ ನದಿಗೆ ಬೇರೆ ಕಾವಲುಗಾರರಿದ್ದಾರು. ನಮ್ಮಲ್ಲಿ ಗಾಳದವನನ್ನು ಓಡಿಸಿದರೆ ದಂಡೆಯಲ್ಲಿ ಉಳಿಯುವವನು ಸಿಡಿಮದ್ದಿನವನು.

ಆದ್ದರಿಂದ ಜರ್ಮನ್ ದಡದಲ್ಲಿದ್ದ ನಾನು ಸ್ವಲ್ಪ ಸರಿದಿದ್ದೇನೆ, ಪೂರ್ತಿ ಈಚೆಗೆ ಬಂದಿಲ್ಲ. ಫ್ರಾನ್ಸಿನ ಆ ಕೆರೆಯಲ್ಲಿ ನಡೆಯುವುದು ದಯೆಯಲ್ಲ, ಆಟ. ಹದಿನೇಳು ಕಿಲೋದ ಒಂದು ಜೀವಿಯನ್ನು ಅದರ ಇಚ್ಛೆಗೆ ವಿರುದ್ಧವಾಗಿ ಮೂವತ್ತೊಂದು ಸಲ ಆಟಕ್ಕೆ ಎಳೆದದ್ದು. ಔಷಧಿ ಹಚ್ಚಿದ ಮಾತ್ರಕ್ಕೆ ಕೊಕ್ಕೆ ಚುಚ್ಚಿದ್ದು ಇಲ್ಲವಾಗುವುದಿಲ್ಲ. ಖಾಸಗಿ ಕೆರೆಯಲ್ಲಿ ಅಳಿವಿನ ಪ್ರಶ್ನೆಯೂ ಇಲ್ಲದ್ದರಿಂದ ಅಲ್ಲಿಯ ಆಟಕ್ಕೆ ಕಾವೇರಿಯ ಸಮರ್ಥನೆಯೂ ಸಿಗುವುದಿಲ್ಲ. ಇಪ್ಪತ್ತು ನಿಮಿಷದ ನನ್ನ ಸಂತೋಷವೊಂದೇ ಅದರ ಸಮರ್ಥನೆ, ಅದು ಸಾಕಾಗುವಷ್ಟಿಲ್ಲ. ಮತ್ತೊಮ್ಮೆ ಅಂಥ ಕೆರೆಗೆ ಹೋಗುವೆನೆಂದು ತೋರುವುದಿಲ್ಲ. ಗೆಳೆಯನಿಗೆ ಹಾಗೆಂದು ಹೇಳಿದ್ದೇನೆ, ಅವನು ನಕ್ಕ. ಆದರೆ ಕಾವೇರಿಯ ದಂಡೆಗೆ ಗಾಳ ಮತ್ತೆ ಬರಲಿ ಎಂದು ಯಾರಾದರೂ ಮನವಿ ಮಾಡಿದರೆ ನಾನು ಸಹಿ ಹಾಕುತ್ತೇನೆ. ಗಾಳ ಹಾಕುವವನು ದಯಾಳು ಎಂದಲ್ಲ, ಅವನು ಅಲ್ಲಿ ಕುಳಿತಿರುತ್ತಾನೆ ಎಂದು. ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ ಮಂಡಕ್ಕಿ ಎರಚುವ ಭಕ್ತರು ಕೊಕ್ಕೆಯಿಲ್ಲದೆಯೇ ಅಲ್ಲಿಯ ಮೀನುಗಳನ್ನು ಉಳಿಸಿದ್ದಾರಲ್ಲ ಎಂದು ಧಾರವಾಡದ ಹಿರಿಯರು ಕೇಳಿಯಾರು. ನಿಜ. ಆ ಮೀನುಗಳನ್ನು ದಿನವೂ ಯಾರೋ ನೋಡುತ್ತಾರೆ. ಭೀಮೇಶ್ವರಿಯ ಬಂಡೆಗಳ ನಡುವೆ ದೇವಸ್ಥಾನದ ಮೆಟ್ಟಿಲುಗಳಿಲ್ಲ.

ಬಂಗಾಳಿ ಸಹೋದ್ಯೋಗಿಗೆ ನನ್ನ ಉತ್ತರ ಇನ್ನೂ ಬಾಕಿ ಇದೆ. ಅವರನ್ನು ಒಮ್ಮೆ ದೋಂಬ್ ಸೀಮೆಯ ಕೆರೆ ಬಾಚುವ ಕಾಲಕ್ಕೆ ಕರೆದುಕೊಂಡು ಹೋಗಬೇಕು.

ಆ ದಿನ ಕಾವಲುಗಾರ ಲೇಖನಿಯನ್ನು ನನ್ನ ಕೈಗೇ ಕೊಟ್ಟ. ಹಿಡಿದವನೇ ಬರೆಯಬೇಕೆಂಬುದು ಅಲ್ಲಿಯ ಪದ್ಧತಿ. ದಿನಾಂಕ ಬರೆದೆ, ದಂಡೆಯ ಸಂಖ್ಯೆ ಬರೆದೆ, 17.2 ಎಂದು ಬರೆದೆ. ಹಿಂದಿನ ಮೂವತ್ತು ನಮೂದುಗಳ ಷರಾ ಕಲಮಿನಲ್ಲಿ ಹೆಚ್ಚಿನವು ಒಂದೇ ಪದ: ಸುಂದರಿ, ಭಲೇ, ಕೊನೆಗೂ! ನಾನು ಸ್ವಲ್ಪ ಯೋಚಿಸಿ, ಬಲತುಟಿಯ ಹಳೆಯ ಗಾಯ ಪೂರ್ತಿ ಮಾಗಿಲ್ಲ, ಕೆಲಕಾಲ ಈ ಮೂಲೆಯಲ್ಲಿ ಗಾಳ ಹಾಕದಿರುವುದು ಸೂಕ್ತ ಎಂದು ಬರೆದೆ. ಅವನು ಓದಿ, ತಲೆಯಾಡಿಸಿ, ಪುಸ್ತಕ ಮುಚ್ಚಿ, ಶನಿವಾರ ಬರುವವರ ಪಟ್ಟಿಯನ್ನು ತೆರೆದ.